ನಾಲ್ಕು ಮಂದಿ ಕೂತರೆ ಮೆತ್ತಗಾಗುವ ಟಾಂಗಾ

ಗುಡಗೇರಿ ಟೇಶನ್ನಿನಿಂದ ಊರೊಳಗೆ ಬರುವ ರಸ್ತೆಯಲ್ಲಿ ಮಶಾಕಸಾಬ ಇಪ್ಪತ್ತು ವರ್ಷ ಟಾಂಗಾ ಹೊಡೆದ. ಹಲೀಮಾಬಿ ಅವನ ಹೆಂಡತಿ. ಅಷ್ಟು ವರ್ಷದಲ್ಲಿ ಆಕೆ ಆ ಟಾಂಗಾದಲ್ಲಿ ಕೂತದ್ದು ಬಹಳ ಸಲವಲ್ಲ. ಕೂತಾಗಲೆಲ್ಲ ಮೈ ಹಣ್ಣಾಗುತ್ತಿತ್ತು.

ಮಶಾಕಸಾಬನದೊಂದು ರೀತಿ ಇತ್ತು. ಬಾಡಿಗೆ ಕೊಟ್ಟು ಹತ್ತಿದ ಮಂದಿಯ ನಡುವೆ ಹೆಂಡತಿಯನ್ನು ಕೂರಿಸುತ್ತಿರಲಿಲ್ಲ. ಪರದೆಯ ಮನೆ ಅದು. ಅಲ್ಲದೆ ಆಕೆ ಕೂತರೆ ಒಂದು ಬಾಡಿಗೆಯೂ ಹೋಯಿತು. ಆಕೆ ತವರಿಗೆ ಹೋಗುವುದಿರಲಿ, ಉರುಸಿಗೆ ಹೋಗುವುದಿರಲಿ, ಮೊದಲು ಮಂದಿಯನ್ನೆಲ್ಲ ಮುಟ್ಟಿಸಿ, ಟಾಂಗಾ ಖಾಲಿ ಮಾಡಿಕೊಂಡು ಮನೆಗೆ ಬರುತ್ತಿದ್ದ. ಹಿಂದಿನ ಸೀಟಿಗೆ ಪರದೆ ಇಳಿಬಿಟ್ಟು ಆಕೆಯನ್ನು ಹತ್ತಿಸುತ್ತಿದ್ದ. ಆಮೇಲೆ ಎರೆಮಣ್ಣಿನ ರಸ್ತೆ. ಮಳೆಗಾಲದಲ್ಲಿ ಚಕ್ಕಡಿಗಳು ಕೊರೆದ ಜಾಡು ಒಣಗಿ ಕಲ್ಲಾಗಿರುತ್ತಿತ್ತು. ಒಂದೊಂದು ತಗ್ಗಿಗೂ ಆಕೆಯ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು.

“ಏನ್ ಟಾಂಗಾರೀ ಇದು, ರೊಟ್ಟಿ ಬಡದಂಗ ಬಡೀತೈತಿ,” ಅನ್ನುತ್ತಿದ್ದಳು ಪರದೆಯ ಒಳಗಿನಿಂದ.

“ನಾಕ ಮಂದಿ ಕೂತ್ರ ಮೆತ್ತಗ ಆಕ್ಕೈತಿ,” ಅನ್ನುತ್ತಿದ್ದ ಅವನು, ಹೊರಳಿ ನೋಡದೆ.

“ನಾ ಒಬ್ಬಾಕಿ ನಾಕ ಮಂದಿ ಹೆಂಗ ಆಗ್ಲಿ?”

“ರೊಟ್ಟಿ ಜಾಸ್ತಿ ತಿನ್ನು.”

ತನ್ನ ಟಾಂಗಾದ ಬಗ್ಗೆ ಯಾವ ಗಂಡಸು ತಾನೇ ಬಡಾಯಿ ಕೊಚ್ಚುವುದಿಲ್ಲ ಎಂದುಕೊಂಡು ಆಕೆ ಸುಮ್ಮನಾಗುತ್ತಿದ್ದಳು.

ಎಪ್ಪತ್ನಾಲ್ಕನೆಯ ಇಸವಿಯ ಸೀಗಿ ಹುಣ್ಣಿಮೆಯ ಹೊತ್ತಿಗೆ ಮಶಾಕಸಾಬ ಜ್ವರ ಬಂದು ಮಲಗಿದ. ಏಳಲಿಲ್ಲ.

ಗಂಡ ಸತ್ತ ಹೆಂಗಸು ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಯುವವರೆಗೆ ಹೊಸ್ತಿಲು ದಾಟುವಂತಿಲ್ಲ. ಹಲೀಮಾಬಿ ದಾಟಲಿಲ್ಲ. ಮಕ್ಕಳಿಲ್ಲದ ಮನೆ. ಬಾಜು ಮನೆಯಲ್ಲಿದ್ದ ಮೈದುನ ಇಮಾಮುದ್ದೀನ ಟಾಂಗಾ ಹೂಡತೊಡಗಿದ. ಟಾಂಗಾ ಆಕೆಯದು, ದುಡಿಮೆ ಅವನದು, ಎರಡೂ ಮನೆಯ ಒಲೆ ಅದರ ಮೇಲೆ ಉರಿಯಬೇಕು. ಸಂಜೆ ಕುದುರೆಯ ಗೆಜ್ಜೆ ಸದ್ದು ಕೇಳಿದರೆ ಹಲೀಮಾಬಿಯ ಕೈ ತಾನಾಗಿಯೇ ಎರಡನೇ ತಾಟಿಗೆ ಹೋಗುತ್ತಿತ್ತು. ತೆಗೆದ ತಾಟನ್ನು ಮತ್ತೆ ಬೋರಲು ಹಾಕುತ್ತಿದ್ದಳು.

ಎಳ್ಳಮಾವಾಸ್ಯೆ ಮುಗಿದ ಮೇಲೆ ಒಂದು ದಿನ ಇಮಾಮುದ್ದೀನ ಬಾಗಿಲ ಹೊರಗೆ ನಿಂತು ಕೇಳಿದ. “ಭಾಭಿ, ಟಾಂಗಾಕ್ಕ ಎರಡೂ ಬಾಜು ಒಂದೊಂದು ಪಟ್ಟಿ ಹೆಚ್ಚಿಗಿ ಹಾಕ್ಸಲೇನ್ರಿ?”

ಟಾಂಗಾದ ಎರಡೂ ಗಾಲಿಯ ಒಳಮಗ್ಗುಲಿಗೆ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬಿಗಿದ ಕಮಾನು ಇರುತ್ತದೆ. ಕೂತವರ ಭಾರವೆಲ್ಲ ಅದರ ಮೇಲೆ. ಪಟ್ಟಿ ಹೆಚ್ಚಿದರೆ ಕಮಾನು ಬಿಗಿ, ಕಡಿಮೆಯಾದರೆ ಸಡಿಲು. ಇಷ್ಟು ಹಲೀಮಾಬಿಗೂ ಗೊತ್ತಿತ್ತು.

“ಯಾಕ?”

“ಸಂಕ್ರಾಂತಿ ಮುಗದ ಮ್ಯಾಲ ಕುಂದಗೋಳದ ಬಯಲಾಗ ಟಾಂಗಾ ಶರ್ಯತ್ತು ಐತ್ರಿ. ಕಂಬಾ ಸುತ್ತ ಹಾಕೂ ಮುಂದ ನಮ್ಮ ಟಾಂಗಾ ಒಂದ ಬಾಜು ವಾಲತೈತಿ. ಅಣ್ಣ ಅದಕ್ಕ ಅಲ್ಲಿ ಹಗೂರ ಹೊಳ್ಳಸ್ತಿದ್ದ. ಯಾವಾಗ್ಲೂ ಮೂರನೇದಾಂವ ಬರ್ತಿದ್ದ. ಇನ್ನೊಂದು ಪಟ್ಟಿ ಬಿದ್ರ ಅಗದಿ ಕಲ್ಲಿನಂಗ ನಿಲ್ಲತೈತಿ.”

“ಮತ್ತ ಕೂತ ಮಂದಿಗೆ?”

“ತುಸು ಬಡೀಬಹುದು.”

“ಅದು ಮೊದಲರ ಎಲ್ಲಿ ಮೆತ್ತಗಿತ್ತೋ? ಹಾಕ್ಸು,” ಅಂದಳು ಹಲೀಮಾಬಿ.

ಇಮಾಮುದ್ದೀನ ಶರ್ಯತ್ತಿನಲ್ಲಿ ಮೊದಲನೆಯವನಾಗಿ ಬಂದ. ಗೆದ್ದ, ಕೈಗೆ ಹಾಕುವ ಬೆಳ್ಳಿ ಕಡೆಯನ್ನು ತಂದು ಅತ್ತಿಗೆಯ ಹೊಸ್ತಿಲ ಮೇಲಿಟ್ಟ. ಮಶಾಕಸಾಬನ ಟಾಂಗಾ ಮೊದಲನೇದು ಬಂತು ಎಂದು ಓಣಿಯ ಮಂದಿ ಮಾತಾಡಿಕೊಂಡರು. ಮಶಾಕಸಾಬನ ಟಾಂಗಾ ಅಂದರು, ಇಮಾಮುದ್ದೀನನದು ಅನ್ನಲಿಲ್ಲ. ಹಲೀಮಾಬಿಗೆ ಅಂದು ರೊಟ್ಟಿ ಗಂಟಲಲ್ಲಿ ಇಳಿಯಿತು.

ಆದರೆ ದಿನ ಹೋದಂತೆ ಕುದುರೆಯ ಕಡಲೆ ಕಡಿಮೆಯಾಯಿತು. ಇಮಾಮುದ್ದೀನ ಸಂಜೆ ಬೇಗ ಬರತೊಡಗಿದ. ಕೇಳಿದರೆ, “ಮಂದಿ ಬರ್ವಲ್ರು,” ಅನ್ನುತ್ತಿದ್ದ. ರೈಲು ಬರುವುದು ಬಿಟ್ಟಿರಲಿಲ್ಲ. ಟೇಶನ್ನಿನ ಮುಂದೆ ನಿಲ್ಲುವುದು ಎರಡೇ ಟಾಂಗಾ. ಇನ್ನೊಂದು ದಾವೂದಸಾಬನದು. ಮಂದಿ ಮೊದಲು ಅದನ್ನು ಹತ್ತುತ್ತಿದ್ದರು, ಅದು ತುಂಬಿದರಷ್ಟೇ ಇದರ ಹತ್ತಿರ ಬರುತ್ತಿದ್ದರು.

ಇದ್ದತ್ತು ಮುಗಿದ ಮರುದಿನ ಗೌರಕ್ಕ ಬಂದಳು. ಮೇಲಿನೋಣಿಯ ಹೆಂಗಸು, ಭಾರಿ ಮೈ, ಮೊಣಕಾಲು ನೋವು. ವಾರಕ್ಕೊಮ್ಮೆ ಬೆಣ್ಣೆ ಮೊಸರು ಹೊತ್ತು ಹುಬ್ಬಳ್ಳಿಗೆ ಹೋಗುತ್ತಿದ್ದಳು. ಟೇಶನ್ನಿನವರೆಗೆ ಮಶಾಕಸಾಬನ ಟಾಂಗಾ ಬಿಟ್ಟರೆ ಬೇರೆಯದನ್ನು ಹತ್ತಿದವಳಲ್ಲ. ಅಂಗಳದಲ್ಲಿ ಕೂತು ಕಾಲು ನೀಡಿದಳು.

“ಹಲೀಮಾ, ನಿನ್ನ ಮೈದುನಗ ಹೇಳವಾ. ಮೊಸರಿನ ಗಡಿಗಿ ಇಟಗೊಂಡು ಹತ್ತಿದ್ರ ಟೇಶನ್ನಾಗ ಮಜ್ಜಿಗಿ ಇಳಸಬೇಕಾಗೇತಿ. ನನ್ನ ಟೊಂಕಾ ಅಂತೂ ಹೋತು.”

“ಅವರಿದ್ದಾಗೂ ಬಡೀತಿತ್ತಲ್ರಿ.”

“ಯಾರ ಹೇಳಿದ್ರು? ನಿನ್ನ ಗಂಡನ ಟಾಂಗಾ ತೊಟ್ಟಲಾ ಇದ್ದಂಗ ಇತ್ತು. ನಾ ಅದರಾಗ ತೂಕಡಸ್ತಿದ್ದೆ.”

ಹಲೀಮಾಬಿಗೆ ಸಿಟ್ಟು ಬಂತು. “ಸತ್ತವರನ್ನ ಹೊಗಳೂದು ಎಲ್ಲಾರಿಗೂ ಸಸಾರ ಬಿಡ್ರಿ.”

“ಹೊಗಳಾಕ ನಾ ಏನ್ ಅವನ ಬೀಗತೀನ? ಇದ್ದದ್ದ ಹೇಳಿದ್ನಿ. ಇವತ್ತಿಂದ ದಾವೂದಸಾಬನ ಟಾಂಗಾ ಹತ್ತಾಕಿ. ನಿನಗ ಹೇಳಿ ಹತ್ತಬೇಕಂತ ಬಂದೆ.”

ಗೌರಕ್ಕ ಹೋದ ಮೇಲೆ ಹಲೀಮಾಬಿ ಅಂಗಳದಲ್ಲೇ ನಿಂತಳು. ಸುಳ್ಳು ಹೇಳುವ ಹೆಂಗಸಲ್ಲ ಗೌರಕ್ಕ. ಹಾಗಾದರೆ ಆ ತೊಟ್ಟಿಲು ಯಾವುದು? ತಾನು ಇಪ್ಪತ್ತು ವರ್ಷ ಕೂತದ್ದು ಯಾವುದರಲ್ಲಿ? ಊರಿನ ಮಂದಿಗೆಲ್ಲ ಗೊತ್ತಿದ್ದ ಗಂಡ ಒಬ್ಬ, ತನಗೆ ಗೊತ್ತಿದ್ದವನು ಇನ್ನೊಬ್ಬ ಅನ್ನಿಸಿತು. ಅದು ಆಕೆಗೆ ಸಾವಿಗಿಂತ ಹೆಚ್ಚು ಚುಚ್ಚಿತು.

ಮರುದಿನ ಬುರ್ಖಾ ಹಾಕಿಕೊಂಡು, ಇಮಾಮುದ್ದೀನನನ್ನು ಟಾಂಗಾಸಹಿತ ಹೊಳೆಯಪ್ಪನ ಕಮ್ಮಾರಸಾಲೆಗೆ ಕರೆದೊಯ್ದಳು. ಪಟ್ಟಿ ಬಿಗಿದವನು ಹೊಳೆಯಪ್ಪನೇ. ಮಶಾಕಸಾಬನ ವಾರಿಗೆಯವನು.

“ಹೊಳೆಯಪ್ಪಣ್ಣ, ನಮ್ಮ ಟಾಂಗಾ ಮೊದಲ ಮೆತ್ತಗಿತ್ತೋ, ಬಿರಸ ಇತ್ತೋ?”

“ಯಾರಿಗೆ?” ಅಂದ ಹೊಳೆಯಪ್ಪ.

“ಯಾರಿಗಂದ್ರ?”

ಹೊಳೆಯಪ್ಪ ತಿದಿ ಬಿಟ್ಟು ಎದ್ದ. ಸಾಲೆಯ ಮೂಲೆಯಲ್ಲಿದ್ದ ಒಂದು ಹಳೆಯ ಕಮಾನನ್ನು ಎರಡು ಕಲ್ಲಿನ ಮೇಲೆ ಬೋರಲಿಟ್ಟು, ಅಂಗೈಯಿಂದ ಒತ್ತಿದ. ಅಲುಗಲಿಲ್ಲ. ಅದರ ಮೇಲೆ ತಾನೇ ಹತ್ತಿ ನಿಂತ. ಕಮಾನು ಬಗ್ಗಿತು, ಎದ್ದಿತು, ಬಗ್ಗಿತು.

“ಭಾರ ಬಿದ್ರ ಅದಕ್ಕ ಜೀವ ಬೇ. ಖಾಲಿ ಇದ್ರ ಬರೇ ಕಬ್ಬಣ. ನಾಕ ಮಂದಿ ಹೊರಾಕ ಕಟ್ಟಿದ್ದು ಒಬ್ಬಾಕಿ ಕೂತ್ರ ಏನ್ ಬಗ್ಗೀತು? ಬಡೀತೈತಿ. ನೀ ಎಂದರ ಮಂದಿ ಸಂಗಾಟ ಕೂತೀಯೇನು?”

ಹಲೀಮಾಬಿ ಹೊರಗೆ ನಿಂತ ಟಾಂಗಾದತ್ತ ಹೊರಳಿ ನೋಡಿದಳು.

ಹೊಳೆಯಪ್ಪನೇ ಮುಂದುವರಿಸಿದ. “ಒಮ್ಮಿ ಬಂದಿದ್ದ ಮಶಾಕ. ಮನ್ಯಾಗ ಬೈತಾಳಪಾ, ಒಂದ ಪಟ್ಟಿ ತಗಿ ಅಂದ. ತಗದ್ನಿ. ಮರುದಿನಾ ಮಂದಿ ತುಂಬಿಸಿದ್ದಕ್ಕ, ಗೌರಕ್ಕ ಬ್ಯಾರೆ ಇದ್ದಳಲಾ, ತಗ್ಗಿನ್ಯಾಗ ಇಳದು ಅಚ್ಚಿಗೆ ಧಡ್ ಅಂತ ಬಡೀತಂತ. ತಿರುಗಿ ಬಂದ. ಹಾಕಪಾ, ಆಕಿ ಬೈದ್ರ ಬೈಲಿ, ನಾ ಕೇಳ್ತೀನಿ ಅಂದ.”

ಇಮಾಮುದ್ದೀನ ನಕ್ಕುಬಿಟ್ಟ. ಹಲೀಮಾಬಿ ಬುರ್ಖಾದ ಒಳಗೆ ತುಟಿ ಕಚ್ಚಿಕೊಂಡಳು. ಎಷ್ಟು ಬೈದಿದ್ದಳೋ ಅಷ್ಟನ್ನೂ ಗಂಡ ಕೇಳಿದ್ದ. ಒಂದು ದಿನವೂ, ನೋಡು, ನಿನ್ನ ಸಲುವಾಗಿ ಪಟ್ಟಿ ತೆಗೆಸಿದ್ದೆ ಅಂದಿರಲಿಲ್ಲ.

“ಓಡಾಕೂ ಆಗೂವಂಗ, ಹೊರಾಕೂ ಆಗೂವಂಗ ಮಾಡಾಕ ಬರೂದಿಲ್ಲೇನು?” ಕೇಳಿದಳು.

“ಮಾಡಬಹುದು. ಎರಡೂ ಅರ್ಧಾ ಮರ್ಧಾ ಆಕ್ಕಾವು. ನಿನಗ ಯಾವುದು ಬೇಕು ಹೇಳು.”

“ಮೊದಲ ಇದ್ದಂಗ ಮಾಡು. ನಾ ಕೂತು ನೋಡ್ತೀನಿ.”

“ಭಾಭಿ, ಯುಗಾದಿಗೆ ಇನ್ನೊಂದು ಶರ್ಯತ್ತು ಐತ್ರಿ,” ಇಮಾಮುದ್ದೀನನ ಮುಖ ಸಣ್ಣದಾಯಿತು.

“ಕೂತು ನೋಡ್ತೀನಿ ಅಂದ್ನಿ. ಹಾಕಬ್ಯಾಡ ಅಂದಿಲ್ಲ.”

ಹೊಳೆಯಪ್ಪ ಹೆಚ್ಚಿನ ಪಟ್ಟಿ ಬಿಚ್ಚಿ ಕೊಟ್ಟ. ಇಮಾಮುದ್ದೀನ ಅವನ್ನು ಗೋಣಿಚೀಲದಲ್ಲಿ ಸುತ್ತಿ ತನ್ನ ಕಾಲ ಬುಡದಲ್ಲಿಟ್ಟುಕೊಂಡ.

ಹಲೀಮಾಬಿ ತಾನೇ ಗೌರಕ್ಕನ ಮನೆಗೆ ನಡೆದು ಹೋಗಿ ಕರೆದಳು. ಗೌರಕ್ಕ ಬರಲೊಪ್ಪಲಿಲ್ಲ. “ನನ್ನ ಟೊಂಕಾ ನಿನ್ನ ಪರೀಕ್ಷಾಕ್ಕ ಅಲ್ಲ,” ಅಂದಳು. ಕಡೆಗೆ ಬಂದಳು, ಬರುವಾಗ ರೈಲಿಗೆ ಹೊರಟಿದ್ದ ಸುಶೀಲವ್ವನನ್ನೂ ಆಕೆಯ ಸೊಸೆಯನ್ನೂ ಎಳೆದುಕೊಂಡೇ ಬಂದಳು. ಮುಂದಿನ ಸೀಟಿನಲ್ಲಿ ಇಮಾಮುದ್ದೀನನ ಬಾಜು ಸುಶೀಲವ್ವ ಗಂಟಿನ ಸಹಿತ ಕೂತಳು. ಹಿಂದೆ ಮೂವರು. ಗೌರಕ್ಕ ಅರ್ಧ ಸೀಟು ಹಿಡಿದಳು. ಹಲೀಮಾಬಿ ಅಂಚಿನಲ್ಲಿ ಕೂತು, ರೂಢಿಯಂತೆ ಬಾಜುವಿನ ಸರಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.

ಕುದುರೆ ಹೊರಟಿತು. ಓಣಿಯ ತುದಿಗೆ ಮೊದಲ ತಗ್ಗು. ಹಲೀಮಾಬಿ ಹಲ್ಲು ಕಚ್ಚಿದಳು. ಟಾಂಗಾ ಇಳಿಯಿತು, ಏರಿತು. ಬಡಿಯಲಿಲ್ಲ. ಎರಡನೇ ತಗ್ಗು. ಬಡಿಯಲಿಲ್ಲ. ಒಣಗಿದ ಜಾಡಿನ ಮೇಲೆ ಹೋಗುವಾಗ ತುಂಬಿದ ಕೊಡ ಹೊತ್ತ ಹೆಂಗಸು ನಡೆದ ಹಾಗೆ ಸಾಗಿತು. ಸುಶೀಲವ್ವನ ಸೊಸೆ ಏನೋ ಹೇಳುತ್ತಿದ್ದಳು. ಗೌರಕ್ಕ ಆಗಲೇ ಆಕಳಿಸುತ್ತಿದ್ದಳು. ಹಲೀಮಾಬಿ ನೋಡಿಕೊಂಡಳು. ಸರಳು ಹಿಡಿದ ಕೈಗಳು ಯಾವಾಗಲೋ ಮಡಿಲಿಗೆ ಬಂದಿದ್ದವು.

ಸರಕಾರಿ ಬಾವಿಯ ಹತ್ತಿರ ಇಮಾಮುದ್ದೀನ ಲಗಾಮು ಎಳೆದ. “ಇಲ್ಲೇ ಇಳೀತೀರೇನ್ರಿ ಭಾಭಿ? ಮನಿ ಹತ್ರ ಆಗತೈತಿ.”

“ನಡಿ ಟೇಶನ್ನಿಗೆ.”

“ಅಲ್ಲೇನ್ರಿ ಕೆಲಸಾ?”

“ಏನಿಲ್ಲ. ನಡಿ.”

“ಏ, ಹೊಡಿಯೋ ಮಾರಾಯ, ನನ್ನ ಗಾಡಿ ತಪ್ಪತೈತಿ!” ಸುಶೀಲವ್ವ ಮುಂದಿನಿಂದ ಕೂಗಿದಳು.

ಟೇಶನ್ನಿನಲ್ಲಿ ಎಲ್ಲರೂ ಇಳಿದರು. ಗೌರಕ್ಕ ಕೆಳಗಿಳಿದು ಟೊಂಕದ ಮೇಲೆ ಕೈಯಿಟ್ಟು, ಅತ್ತಿತ್ತ ಹೊರಳಿ ನೋಡಿಕೊಂಡಳು. “ಹೂಂ, ಇದು ಮಶಾಕಸಾಬಂದು,” ಅಂದಳು. ಗಾಡಿ ಹೋಗುವ ತನಕ ಸುಶೀಲವ್ವನ ಸಂಗಾಟ ನಿಂತು, ಇಮಾಮುದ್ದೀನ ತಿರುಗಿ ಬಂದಾಗ ಇದೇ ಟಾಂಗಾದಲ್ಲಿ ಬರುತ್ತೇನೆಂದಳು.

ತಿರುಗಿ ಹೊರಡುವ ಮೊದಲು ಇಮಾಮುದ್ದೀನ ಕೇಳಿದ. “ಪಟ್ಟಿ ಏನ್ ಮಾಡ್ಲಿ ಭಾಭಿ?”

“ಹೊಳೆಯಪ್ಪಗ ಕೊಟ್ಟಬಿಡು. ಕುಡಗೋಲು ಮಾಡ್ಲಿ.”

“ಮತ್ತ ಶರ್ಯತ್ತು?”

“ಹೋಗು, ಬ್ಯಾಡ ಅಂದೋರ‍್ಯಾರು? ಕಂಬದ ಹತ್ರ ಹಗೂರ ಹೊಳ್ಳಸು.”

“ಹಗೂರ ಹೊಳ್ಳಿಸಿದ್ರ ಮೂರನೇದಾಂವ ಬರ್ತೀನ್ರಿ.”

“ನಿಮ್ಮಣ್ಣ ಮೂರನೇದಾಂವ ಬಂದು, ಮನ್ಯಾಗ ಕೂತು ಹೊಟ್ಟಿ ತುಂಬ ಉಣತಿದ್ದ. ಅವಗೇನ್ ಕಡಿಮಿ ಆಗಿತ್ತು?” ಅಂದಳು. ಆಮೇಲೆ ದನಿ ತಗ್ಗಿಸಿ, “ಗೆದ್ದ ಬೆಳ್ಳಿ ಕಡೆ ನಿಂದು. ಒಯ್ದು ನಿನ್ನ ಹೇಂತಿಗೆ ಕೊಡು. ಅದು ನನಗ ಬ್ಯಾಡ,” ಅಂದಳು.

ಇಮಾಮುದ್ದೀನ ಕುದುರೆಯ ಕುತ್ತಿಗೆ ತಟ್ಟಿದ. ಆಮೇಲೆ ಹತ್ತಿ ಕೂತ.

ಈಗ ಟಾಂಗಾ ಖಾಲಿ. ಹಿಂದೆ ಹಲೀಮಾಬಿ ಒಬ್ಬಳೇ. ಟೇಶನ್ನಿನ ಗೇಟು ದಾಟುತ್ತಲೇ ಮೊದಲ ತಗ್ಗು ಬಂತು. ಬಡಿಯಿತು. ಬೆನ್ನುಮೂಳೆಯಿಂದ ನೆತ್ತಿಯವರೆಗೆ ಏರಿತು.

“ಬಡೀತೇನ್ರಿ ಭಾಭಿ? ಹಗೂರ ಹೊಡೀಲೇನು?” ಇಮಾಮುದ್ದೀನ ಮುಂದಿನಿಂದ ಕೇಳಿದ.

“ಬ್ಯಾಡ. ನಿಮ್ಮಣ್ಣ ಹೊಡದಂಗ ಹೊಡಿ.”

ಹಲೀಮಾಬಿ ಪರದೆ ಇಳಿಬಿಟ್ಟಳು. ಎರಡೂ ಕೈಯಿಂದ ಸರಳು ಹಿಡಿದು, ಮನೆ ಬರುವ ತನಕ ಬಡಿಸಿಕೊಳ್ಳುತ್ತ ಕೂತಳು.