ಐಸಿಯುವಿನ ಆರೋಗ್ಯವಂತ

ಐವತ್ತೊಂದನೆಯ ವಯಸ್ಸಿನಲ್ಲಿ ಕಾಡಪ್ಪನಿಗೆ ಒಂದು ಪದವಿ ಸಿಕ್ಕಿತು. ಪುಣೆಯ ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಸ್ಟ್ರೆಚರ್ ನೂಕಿದವನನ್ನು 2004ರಲ್ಲಿ ಡಾಕ್ಟರ್ ಮಾಧುರಿ ಐಸಿಯುವಿನ ‘ಆರೋಗ್ಯವಂತ ಮನುಷ್ಯ’ನಾಗಿ ಆರಿಸಿಕೊಂಡರು. ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ವೆಂಟಿಲೇಟರ್ ಮೇಲಿರುವವರಿಗೆ ಶ್ವಾಸಕೋಶದ ಸೋಂಕಿನ ಭಯ ಹೆಚ್ಚು. ಕಫ ಪರೀಕ್ಷೆಯ ವರದಿ ಬರಲು ಎರಡು ಮೂರು ದಿನ ಬೇಕು. ಅದಕ್ಕಿಂತ ಮೊದಲೇ ಉಸಿರಿನಲ್ಲಿ ಸುಳಿವು ಸಿಕ್ಕೀತೇ ಎಂದು ಮಾಧುರಿ ಹುಡುಕುತ್ತಿದ್ದರು. ರೋಗಿಯ ಉಸಿರು ಒಂದು ಚೀಲದಲ್ಲಿ, ಹೋಲಿಸಿ ನೋಡಲು ಕಾಡಪ್ಪನ ಉಸಿರು ಇನ್ನೊಂದರಲ್ಲಿ. ಎರಡನ್ನೂ ಎದೆಗವಚಿಕೊಂಡು ಅವನೇ ಬಸ್ಸಿನಲ್ಲಿ ನಿಗಡಿಯ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದ. ಚೀಲದಲ್ಲೇನಿದೆ ಎಂದು ಕಂಡಕ್ಟರ್ ಕೇಳಿದರೆ ‘ಶ್ವಾಸ್’ ಎಂದು ಗಂಭೀರವಾಗಿ ಹೇಳುತ್ತಿದ್ದ. ಪಕ್ಕದವರು ಸರಿದು ಜಾಗ ಬಿಡುತ್ತಿದ್ದರು.

ಎರಡು ತಿಂಗಳಾದ ಮೇಲೆ ಪ್ರಯೋಗಾಲಯದಲ್ಲಿ ಯಂತ್ರ ನೋಡಿಕೊಳ್ಳುವ ಸ್ವಪ್ನಿಲ್ ಮಾಧುರಿಗೆ ಫೋನ್ ಮಾಡಿದ. ರೋಗಿಗಳದು ಪರವಾಗಿಲ್ಲ, ನಿಮ್ಮ ಆರೋಗ್ಯವಂತನ ಉಸಿರೇ ಗಾಬರಿ ಹುಟ್ಟಿಸುತ್ತಿದೆ, ಯಂತ್ರ ಬರೆಯುವ ಗಂಧಕದ ಗೆರೆ ಹಾಳೆ ದಾಟಿ ಹೋಗುತ್ತಿದೆ ಎಂದ.

ಮಾಧುರಿ ಧಾರವಾಡದವರು. ಕಾಡಪ್ಪನನ್ನು ಎದುರಿಗೆ ಕೂರಿಸಿಕೊಂಡರು.

“ಕಾಡಪ್ಪಾರ, ಮುಂಜಾನೆ ಏನ್ ತಿಂದ್ ಬರ್ತೀರಿ?”

“ರೊಟ್ಟಿ, ಮೆಣಸಿನಕಾಯಿ ರಂಜಕರೀ. ಬಾಯಿಗೆ ಹಸಿ ಉಳ್ಳಾಗಡ್ಡಿ.”

“ರಂಜಕಕ್ಕ ಬಳ್ಳೊಳ್ಳಿ ಹಾಕ್ತಾರೇನು?”

“ನಮ್ಮ ಪಾರವ್ವನ ಕೈ ಭಾಳ ದೊಡ್ಡದರೀ ಬಾಯಾರ,” ಎಂದ, ಹೆಮ್ಮೆಯಿಂದ.

ಮಾಧುರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ, ಗಂಧಕ ಬರುವುದು ಅವುಗಳಿಂದಲೇ, ಬೆಳ್ಳುಳ್ಳಿ ಈರುಳ್ಳಿ ಒಂದು ವಾರ ಬಿಡಿ, ಆಮೇಲೂ ಗೆರೆ ಇಳಿಯದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದರು. ಬೇರೆಯವರು ಬಂದರೆ ಕಾಡಪ್ಪನಿಗೆ ಮತ್ತೆ ಸ್ಟ್ರೆಚರೇ ಗತಿ. ಅದೂ ರಂಗೂಬಾಯಿ ಆ ವಾರವೇ ವೆಂಟಿಲೇಟರ್ ಮೇಲೆ ಬಂದಿದ್ದಾಗ. ಸ್ಟೇಷನ್ ಬಳಿ ಮೆಂತ್ಯದ ಕಟ್ಟು ಮಾರುತ್ತ ದಿನಾ ಅವನನ್ನು ರೇಗಿಸುತ್ತಿದ್ದ ಮುದುಕಿ, ರಿಕ್ಷಾ ಬಡಿದು ಈಗ ಮಾತಿಲ್ಲದೆ ಮಲಗಿದ್ದಳು. ಅವಳ ಚೀಲ ಬೇರೆಯವರ ಕೈಗೆ ಹೋಗುವುದು ಅವನಿಗೆ ಸಹಿಸಲಾಗಲಿಲ್ಲ.

ಮನೆಯಲ್ಲಿ ಹೆಂಡತಿ ಪಾರವ್ವ ಹಾಲು ರೊಟ್ಟಿ ಕಲಸಿ ಮುಂದಿಟ್ಟಳು. “ರೀ, ಕೂಸಿಗೆ ಉಣಿಸಿದಂಗ ಆಗೇದಲ್ರಿ,” ಎಂದಳು. ಅವನು ತಲೆ ಎತ್ತದೆ ಉಂಡ. ವಠಾರದಂಥ ಚಾಳದ ಮೆಟ್ಟಿಲು ಹತ್ತುವಾಗ ನೆರೆಮನೆಯ ಒಗ್ಗರಣೆಯ ಘಮ ಬಂದರೆ ಮೂಗು ಹಿಡಿದು ಓಡಿದ, ವಾಸನೆಯಿಂದಲೂ ಗೆರೆ ಎದ್ದೀತೆಂಬ ಹೆದರಿಕೆ ಅವನಿಗೆ.

ಎಂಟನೆಯ ದಿನ ಅವನ ಚೀಲದ ಗಂಧಕದ ಗೆರೆ ತಣ್ಣಗೆ ಇಳಿದಿತ್ತು. ಅದರ ಪಕ್ಕದಲ್ಲಿಟ್ಟು ನೋಡಿದಾಗ ರಂಗೂಬಾಯಿಯ ಉಸಿರಿನಲ್ಲಿ ಹಿಂದಿನ ದಿನ ಇಲ್ಲದ ಗೆರೆಯೊಂದು ಎದ್ದಿತ್ತು. ಉಸಿರನ್ನಷ್ಟೇ ನಂಬಿ ಔಷಧ ಕೊಡುವಂತಿರಲಿಲ್ಲ. ಆದರೆ ಅನುಮಾನ ಬಂದ ಮಾಧುರಿ ಅವತ್ತೇ ಎಕ್ಸ್‌ರೇ ತೆಗೆಸಿದರು, ಕಫವನ್ನು ಪರೀಕ್ಷೆಗೆ ಕಳಿಸಿದರು, ಎಕ್ಸ್‌ರೇಯಲ್ಲಿ ಮಬ್ಬು ಕಂಡದ್ದೇ ಚಿಕಿತ್ಸೆ ಶುರುಮಾಡಿದರು. ಮೂರನೆಯ ದಿನ ಬಂದ ಕಫದ ವರದಿಯೂ ಸೋಂಕು ಹೌದೆಂದಿತು.

ಹತ್ತು ದಿನ ಕಳೆದು ಕೊಳವೆ ತೆಗೆಯುವಾಗ ಕಾಡಪ್ಪ ಮಂಚದ ಬುಡದಲ್ಲೇ ನಿಂತಿದ್ದ. ರಂಗೂಬಾಯಿ ಕೆಮ್ಮಿದಳು, ತಡೆದಳು, ಆಮೇಲೆ ತಾನೇ ಉಸಿರೆಳೆದಳು. ಅವಳು ಎಳೆದಾಗ ಅವನೂ ಎಳೆದ, ಬಿಟ್ಟಾಗ ಅವನೂ ಬಿಟ್ಟ.

“ನೀವ್ಯಾಕ ತೇಕಾಕತ್ತೀರಿ?” ಎಂದು ಮಾಧುರಿ ಕೇಳಿದರು.

“ಮುದುಕಿಗೆ ಜೋಡಿಗೊಂದು ಸೋಬತಿ ಇರ್ಲಿ ಅಂತರೀ.”

ಅವನಿಗೆ ಕುಣಿಯಬೇಕೆನಿಸಿತು. ಐಸಿಯುವಿನಲ್ಲಿ ಕುಣಿಯುವಂತಿಲ್ಲವೆಂದು ವರಾಂಡಕ್ಕೆ ಹೋಗಿ ಕುಣಿದ.