ಉಳಿದಿದ್ದು ಒಂದೇ ಚೀಲ

ಬೆಳಗಿನ ಐದೂವರೆ. ಮೂಗೂರಿನ ಮರಿಯಯ್ಯ ಅಂಗಿ ಬಿಚ್ಚಿ ಮಂಚದ ಮೇಲೆ ಕೂತಿದ್ದಾರೆ. ನಂಜನಗೂಡಿನಿಂದ ಕತ್ತಲಲ್ಲೇ ಮೊಪೆಡ್ ಏರಿ ಬಂದ ಟೈಲರ್ ಬೆಟ್ಟಸ್ವಾಮಿ ಅವರೆದುರು ಮೊಣಕಾಲೂರಿದ್ದಾರೆ. ಮರಿಯಯ್ಯನವರ ಹೊಕ್ಕುಳ ಬಲಕ್ಕೆ ಕೆಂಪು ಗುಂಡಿಯಂಥ ಒಂದು ಬಾಯಿ. ಕ್ಯಾನ್ಸರ್ ತಗುಲಿದ ಮೂತ್ರಕೋಶ ತೆಗೆದ ವೈದ್ಯರು ಕರುಳಿನ ತುಂಡಿನಿಂದ ಮಾಡಿಕೊಟ್ಟ ದಾರಿ ಅದು. ಅಲ್ಲಿಂದ ಮೂತ್ರ ಹಗಲೂ ಇರುಳೂ ತೊಟ್ಟಿಕ್ಕುತ್ತದೆ. ಹೊಟ್ಟೆಗೆ ಅಂಟಿಸಿದ ಚೀಲ ಅದನ್ನು ಹಿಡಿಯಬೇಕು. ನೀರು ಕುಡಿಯುವ ಮೊದಲಿನ ಈ ಹೊತ್ತಿನಲ್ಲಿ ತೊಟ್ಟು ಕಡಿಮೆ. ಚೀಲ ಬದಲಿಸಲು ಇದೇ ಸಮಯ.

ಮೂರು ನಾಲ್ಕು ದಿನ ಬಾಳಬೇಕಾದ ಚೀಲ ಇಲ್ಲಿ ಅರ್ಧ ದಿನಕ್ಕೇ ಕಿತ್ತು ಬರುತ್ತಿದೆ. ಡಬ್ಬಿಯಲ್ಲಿ ಉಳಿದಿರುವುದು ಒಂದು. ಮುಂದಿನದು ಮೈಸೂರಿನಿಂದ ಬರುವುದು ಶುಕ್ರವಾರ, ಇಂದು ಮಂಗಳವಾರ. ಸೋರಿಕೆಗೆ ಹೆದರಿದ ಮರಿಯಯ್ಯ ನಿನ್ನೆ ಮಧ್ಯಾಹ್ನದಿಂದ ನೀರನ್ನೇ ಬಿಟ್ಟಿದ್ದಾರೆ. ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿದೆ.

ಆ ಹೆದರಿಕೆ ಬೆಟ್ಟಸ್ವಾಮಿಗೆ ಗೊತ್ತು. ಏಳು ವರ್ಷದಿಂದ ಅವರ ಅಂಗಿಯೊಳಗೂ ಅಂಥದೇ ಚೀಲವಿದೆ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದವರು. ಮೂತ್ರದಲ್ಲಿ ರಕ್ತ ಕಂಡರೂ ಉಷ್ಣವೆಂದು ಎಂಟು ತಿಂಗಳು ಸುಮ್ಮನಿದ್ದವರು. “ಗಿರಾಕಿ ಬಟ್ಟೆ ಮ್ಯಾಲೆ ಸೋರ್ಬುಟ್ರೆ ಏನ್ ಗತಿ ಅಂತ ನಾನೂ ನೀರ್ ಬುಟ್ಟಿದ್ದೆ ಕಣ್ರೀ. ಕಿಡ್ನಿಗೇ ಬಂತು. ಅನ್ನೊಂದು ದಿನ ಆಸ್ಪತ್ರೇಲಿ ಬಿದ್ದಿದ್ದೆ,” ಎನ್ನುತ್ತಾರೆ. ಆಗ ಅವರಿಗೆ ಕೇಳಿ ತಿಳಿಯಲು ಒಬ್ಬರೂ ಇರಲಿಲ್ಲ. ಇಲ್ಲಿಯವರೆಗೆ ಎರಡು ತಾಲ್ಲೂಕಿನಲ್ಲಿ ಹದಿನಾಲ್ಕು ಮನೆಗಳು ಅವರನ್ನು ಕೇಳಿವೆ. ಬನ್ನೂರು, ಚಿಕ್ಕಯ್ಯನಛತ್ರ, ಎಲ್ಲಿಂದ ಫೋನ್ ಬಂದರೂ ಅಂಗಡಿ ತೆರೆಯುವುದು ಅಲ್ಲಿಗೆ ಹೋಗಿಬಂದ ಮೇಲೆ.

ಕಿತ್ತುಬಂದ ಚೀಲ ತೆಗೆದು, ಆ ಬಾಯಿಗೆ ರಟ್ಟಿನ ಅಳತೆ ಹಿಡಿದು ನೋಡುತ್ತಾರೆ. ಚೀಲಕ್ಕೆ ಕತ್ತರಿಸಿದ ತೂತು ಸರಿಯಾಗಿದೆ. ಚರ್ಮ ಕೆಂಪಗಿದೆ, ಆದರೆ ಒಣಗಿದೆ. ಹಾಗಾದರೆ ಯಾಕೆ ಅಂಟುತ್ತಿಲ್ಲ? ಇದು ತಿಳಿಯದೆ ಕೊನೆಯ ಚೀಲ ಬಳಸುವಂತಿಲ್ಲ. ಬೆಟ್ಟಸ್ವಾಮಿ ತೋರುಬೆರಳಿನಿಂದ ಚರ್ಮವನ್ನು ಮೆಲ್ಲಗೆ ಸವರಿ ಬೆಳಕಿಗೆ ಹಿಡಿಯುತ್ತಾರೆ. ಬೆರಳ ತುದಿ ಬೆಳ್ಳಗಾಗಿದೆ.

ಬಾಗಿಲಲ್ಲಿ ನಿಂತ ಹೆಂಡತಿ ಸರ್ವಮಂಗಳಮ್ಮ ತಲೆ ತಗ್ಗಿಸುತ್ತಾರೆ. ಚೀಲ ಬದಲಿಸುವಾಗಲೆಲ್ಲ, ಉರಿ ಆರಲೆಂದು ಮಠದ ವಿಭೂತಿ ಸವರುತ್ತಿದ್ದವರು ಅವರೇ. ಮರಿಯಯ್ಯ ಗದರಲು ಬಾಯಿ ತೆರೆಯುವ ಮುಂಚೆ ಬೆಟ್ಟಸ್ವಾಮಿ ಕೈ ಅಡ್ಡ ಹಿಡಿಯುತ್ತಾರೆ.

“ಅಣೆಗೆ ಇಕ್ಕವ್ವ, ಎದೆಗೆ ಇಕ್ಕು, ಬ್ಯಾಡ ಅನ್ನಕಿಲ್ಲ. ಇಲ್ಲಿ ಮಾತ್ರ ನೀರೇ ಇಭೂತಿ.”

ಬೆಚ್ಚನೆಯ ನೀರಿನಲ್ಲಿ ಎರಡು ಸಲ ಒರೆಸಿ, ಮೆತ್ತಗೆ ಒತ್ತಿ ಒಣಗಿಸುತ್ತಾರೆ. ತೊಟ್ಟು ಹೀರಲು ಸುರುಳಿ ಸುತ್ತಿದ ಬಟ್ಟೆಯನ್ನು ಆ ಬಾಯಿಗೆ ಹಿಡಿದಿದ್ದಾರೆ. ಆಮೇಲೆ ಆ ಒಂದೇ ಚೀಲವನ್ನು ಮರಿಯಯ್ಯನವರ ಕೈಗೇ ಕೊಡುತ್ತಾರೆ.

“ನೀನೇ ಅಂಟ್ಸಯ್ಯ,” ಎಂದು ಮರಿಯಯ್ಯ ಚೀಲವನ್ನು ಹಿಂದಕ್ಕೆ ಚಾಚುತ್ತಾರೆ. “ಇರೋದು ಒಂದೇಯ.”

“ಅದ್ಕೇ ನೀವೇ ಅಂಟ್ಸಬೇಕು. ನನ್ನೇನ್ ನಿಮ್ ಮಂಚದ ಕಾಲ್ಗೆ ಕಟ್ಟಾಕಂಡಿರ್ತೀರಾ ಸಾ?”

ಸರ್ವಮಂಗಳಮ್ಮ ಕನ್ನಡಿ ಹಿಡಿಯುತ್ತಾರೆ. ಬಟ್ಟೆಯ ಸುರುಳಿ ಸರಿಯುತ್ತದೆ. ಒಂದು ತೊಟ್ಟು ಜಾರಿದರೆ ಮುಗಿಯಿತು. ಮರಿಯಯ್ಯ ಉಸಿರು ಹಿಡಿದು, ಕೆಳಗಿನಿಂದ ಮೇಲಕ್ಕೆ ಒತ್ತುತ್ತಾ ಬರುತ್ತಾರೆ. ಅಂಟು ಹಿಡಿಯಲು ಅಂಗೈ ಶಾಖ ಬೇಕು. ಐದು ನಿಮಿಷ ಒತ್ತಿಯೇ ಹಿಡಿಯುತ್ತಾರೆ. ಕೈ ತೆಗೆದ ಮೇಲೆ ಬೆಟ್ಟಸ್ವಾಮಿ ಒಂದು ಚೊಂಬು ನೀರು ಮುಂದಿಡುತ್ತಾರೆ. ಮರಿಯಯ್ಯ ಚೊಂಬನ್ನು ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಕಣ್ಣು ಮುಚ್ಚಿ, ಎತ್ತಿ ಕುಡಿಯುತ್ತಾರೆ.

ಗಂಟೆಗೊಂದು ಲೋಟ ಬಿಡಬೇಡಿ, ಚಳಿಜ್ವರ ಬಂದರೆ ನನಗೆ ಕಾಯದೆ ಮೈಸೂರಿಗೆ ಹೊರಡಿ, ಸೋರಿದರೆ ತಕ್ಷಣ ಫೋನ್ ಮಾಡಿ ಎಂದು ಹೇಳಿ ಬೆಟ್ಟಸ್ವಾಮಿ ಹೊರಡುತ್ತಾರೆ. ಆದರೆ ದೂರ ಹೋಗುವುದಿಲ್ಲ. ಊರ ಮುಂದಿನ ಟೀ ಅಂಗಡಿಯ ಬೆಂಚಿನ ಮೇಲೆ ಫೋನ್ ಇಟ್ಟುಕೊಂಡು ಕೂರುತ್ತಾರೆ. ಏಳಾಗುತ್ತದೆ, ಎಂಟಾಗುತ್ತದೆ. ಟೀ ಆರಿದೆ. ಒಂಬತ್ತೂವರೆಗೆ, ಒಮ್ಮೆಯೂ ರಿಂಗಾಗದ ಫೋನನ್ನು ಜೇಬಿಗಿಳಿಸಿ ಮೊಪೆಡ್ ಒದೆಯುತ್ತಾರೆ.

ನಿಮ್ಮದೊಂದು ಆಸೆ ಏನು ಎಂದು ಕೇಳಿದರೆ ಬೆಟ್ಟಸ್ವಾಮಿ ಮೊಪೆಡ್ ಮೇಲಿಂದಲೇ ಹೇಳುತ್ತಾರೆ.

“ಅದಿನಾಲ್ಕು ಜನದಲ್ಲಿ ಒಂಬತ್ತು ಜನ ನನ್ಗೆ ಫೋನ್ ಮಾಡೋದೇ ಬುಟ್ಟವ್ರೆ, ತಾವೇ ಅಂಟ್ಸ್ಕೋತಾರೆ. ಇವ್ರೂ ಬುಟ್ಬುಟ್ರೆ ಸಾಕು ಕಣ್ರೀ.”