ಆಷಾಢದಲ್ಲಿ ಆರಿಸಿದ ಸೀರೆ

ನನ್ನ ಹಟದ ಬಗ್ಗೆ ತವರಿನಲ್ಲಿ ಬೇಕಾದಷ್ಟು ಕಥೆಗಳಿವೆ. ಅವುಗಳಲ್ಲಿ ಅರ್ಧ ಸುಳ್ಳು. ಮದುವೆ ಸೀರೆಯದ್ದು ಮಾತ್ರ ಪೂರ್ತಿ ನಿಜ, ಅದನ್ನು ನಾನೇ ಹೇಳಿಬಿಡುತ್ತೇನೆ.

ನಾನು ಹರಿಹರದವಳು. ದಾವಣಗೆರೆ ಜಿಲ್ಲೆಯಾದ ಮರುವರ್ಷ ನನ್ನನ್ನು ನಿಟ್ಟುವಳ್ಳಿಯ ಒಂದು ಮನೆಗೆ ಕೊಡುವುದೆಂದು ಮಾತಾಯಿತು. ಶ್ರಾವಣದ ಎರಡನೇ ವಾರ ಲಗ್ನ. ಮುಹೂರ್ತದ ಸೀರೆ ಗಂಡಿನ ಮನೆಯವರದು, ಗಂಡಿನ ಬಟ್ಟೆ ನಮ್ಮದು. ಎರಡೂ ಮನೆಯವರು ಕೂಡಿ ಹೋಗಿ ಜವಳಿ ತೆಗೆಯಬೇಕು. ಜವಳಿ ಎಂದರೆ ಅವ್ವನ ಪಾಲಿಗೆ ಹರಿಹರದ ಪೇಟೆಯಲ್ಲಿದ್ದ ಒಂದೇ ಅಂಗಡಿ. ಅಲ್ಲಿ ಬಿಳಿ ಗಾದಿಯ ಮೇಲೆ ಕೂರಿಸಿ, ನಮ್ಮಜ್ಜಿಗೆ ತೋರಿಸಿದ ಬಣ್ಣಗಳನ್ನೇ ನಮಗೂ ತೋರಿಸುತ್ತಿದ್ದರು. ಅಲ್ಲಿ ತೆಗೆಯುವುದಾದರೆ ನನಗೆ ಮದುವೆಯೇ ಬೇಡ ಎಂದೆ.

ನನಗೆ ಬೇಕಿದ್ದದ್ದು ಪಿ.ಜೆ. ಬಡಾವಣೆಯ ಹೊಸ ಶೋರೂಮು. ಮದುವೆ ಸೀರೆಗಳನ್ನೇ ಮಾರುವ ಅಂಗಡಿ. ನಾಲ್ಕು ಊರುಗಳಲ್ಲಿ ಅದರ ಶಾಖೆಗಳಿದ್ದವು. ಒಳಗೆ ತಣ್ಣನೆ ಗಾಳಿ, ಆಳೆತ್ತರದ ಕನ್ನಡಿ, ರಸ್ತೆಯ ಕಡೆಗೆ ಗಾಜಿನ ಶೋಕೇಸಿನಲ್ಲಿ ರೇಷ್ಮೆ ಸೀರೆ ಉಟ್ಟು ನಿಂತ ಗೊಂಬೆ. ನನ್ನ ಗೆಳತಿಯೊಬ್ಬಳು ಅಲ್ಲಿ ಸೀರೆ ತೆಗೆದು, ಆ ಅಂಗಡಿಯ ಕೈಚೀಲವನ್ನೇ ವರ್ಷವಿಡೀ ಹಿಡಿದು ಮೆರೆದಿದ್ದಳು. ಆ ಸಲ ಅಂಗಡಿಯ ಮುಂದೆ ಬಟ್ಟೆಯ ಬ್ಯಾನರು ಕಟ್ಟಿದ್ದರು: ‘ಆಷಾಢದಲ್ಲಿ ಆರಿಸಿ, ಶ್ರಾವಣದಲ್ಲಿ ಒಯ್ಯಿರಿ.’ ಆಷಾಢದಲ್ಲೇ ಪೂರ್ತಿ ಹಣ ಕಟ್ಟಿದರೆ ಬೆಲೆಯಲ್ಲಿ ರಿಯಾಯಿತಿ. ಆರಿಸಿದ ಸೀರೆಗೆ ಮದುಮಗಳ ಹೆಸರಿನ ಚೀಟಿ ಕಟ್ಟಿ, ಶ್ರಾವಣ ಹುಟ್ಟುವವರೆಗೆ ಅಂಗಡಿಯಲ್ಲೇ ಜೋಪಾನವಾಗಿಡುತ್ತಾರೆ.

ಆಷಾಢದಲ್ಲಿ ಮದುವೆಯ ಒಂದೆಳೆ ದಾರವೂ ಹೊಸ್ತಿಲು ದಾಟಿ ಒಳಗೆ ಬರಬಾರದು ಎನ್ನುವವಳು ಅವ್ವ. ಆ ಬ್ಯಾನರಿಗೆ ಅವಳೂ ಸೋತಳು. ಶಾಸ್ತ್ರ ಕೆಡುವುದಿಲ್ಲ, ರಿಯಾಯಿತಿಯೂ ತಪ್ಪುವುದಿಲ್ಲ. ಇಂಥ ಉಪಾಯ ಹುಡುಕಿದ ಮಾಲೀಕ ಭಾರಿ ಬುದ್ಧಿವಂತನಿರಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಗಳಿದೆವು. ಬುದ್ಧಿವಂತನೇ ಹೌದು, ನಾವು ತಿಳಿದ ಬಗೆಯಲ್ಲಲ್ಲ.

ಜವಳಿಗೆ ಗಂಡಿನ ಕಡೆಯಿಂದ ಬಂದವರು ಇಬ್ಬರೇ, ನನ್ನ ಗಂಡನಾಗುವವರು ಮತ್ತು ಅವರ ತಾಯಿ. ಅತ್ತೆ ಎರಡು ಎಮ್ಮೆ ಕಟ್ಟಿಕೊಂಡು, ಪಿ.ಜೆ. ಬಡಾವಣೆಯ ಹೋಟೆಲುಗಳಿಗೆ ಹಾಲು ಹಾಕಿ ಮಗನನ್ನು ಓದಿಸಿದವರು. ಮೆತ್ತನೆ ಕುರ್ಚಿಯ ತುದಿಯಲ್ಲಿ ಕೂತು, “ಹಸಿರು ತಗಳವ್ವ, ಮುಹೂರ್ತಕ್ಕೆ ಚಲೋ” ಎಂದರು. ನನ್ನ ಕಣ್ಣು ಆಗಲೇ ಈರುಳ್ಳಿ ಸಿಪ್ಪೆ ಬಣ್ಣದ ಸೀರೆಯ ಮೇಲೆ ಬಿದ್ದಿತ್ತು. ಮಾವಿನಕಾಯಿ ಅಂಚು, ಅಗಲವಾದ ಸೆರಗು, ಇದ್ದದ್ದು ಒಂದೇ ಪೀಸು. ಅದರ ಬೆಲೆ ಕೇಳಿ ಅವ್ವ ನನ್ನ ತೊಡೆ ಚಿವುಟಿದಳು. ನಾನು ಸೀರೆ ಕೆಳಗಿಡಲಿಲ್ಲ.

“ಉಡೋಳು ಅವಳು. ಅವಳೇ ಆರಿಸ್ಲಿ ಬಿಡ್ರಿ ಅಕ್ಕಾರೆ,” ಎಂದು ಅತ್ತೆ ಸೊಂಟದ ಸಂಚಿ ಬಿಚ್ಚಿದರು. ಎಮ್ಮೆ ಹಾಲಿನ ಹಣ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಅಂಗಡಿಯ ಕಪಾಟುಗಳು ಅರ್ಧಕ್ಕರ್ಧ ಖಾಲಿಯಿದ್ದವು. ತಣ್ಣನೆ ಗಾಳಿಯ ಯಂತ್ರ ಆ ದಿನ ಓಡುತ್ತಿರಲಿಲ್ಲ. ಇವನ್ನೆಲ್ಲ ನೋಡಿದೆ, ಏನೂ ಅನ್ನಿಸಲಿಲ್ಲ. ಸೀರೆ ಮಡಿಸುತ್ತಿದ್ದ ನಡುವಯಸ್ಸಿನ ಕೆಲಸಗಾರನೊಬ್ಬ, ಮ್ಯಾನೇಜರ್ ಅತ್ತ ಹೋದದ್ದು ನೋಡಿ, ಮೆಲ್ಲಗೆ ಹೇಳಿದ: “ಇವತ್ತೇ ತಗಂಡು ಹೋಗಿಬಿಡ್ರಿ ಅಕ್ಕಾರೆ.”

“ಆಷಾಢದಾಗೆ ಮದುವಿ ಸೀರೆ ಮನೆಗೆ ಒಯ್ತಾರೇನ್ರಿ?” ಎಂದು ಅವ್ವ ಗದರಿದಳು. ಆತ ಅತ್ತೆಯ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಚೀಟಿಯಲ್ಲಿ ನನ್ನ ಹೆಸರು ಬರೆದು ಸೀರೆಯ ತುದಿಗೆ ದಾರದಿಂದ ಕಟ್ಟಿದ.

ಆಷಾಢ ಮುಗಿಯಲು ನಾಲ್ಕು ದಿನವಿತ್ತು. ಬಾಜು ಮನೆಯ ಬೂಬಮ್ಮನವರ ಮನೆಗೆ ನನಗೊಂದು ಫೋನು ಬಂತು. ಮದುವೆಗೆ ಮುಂಚೆ ನನ್ನ ಗಂಡ ನನ್ನ ಜೊತೆ ಫೋನಿನಲ್ಲಿ ಮಾತಾಡಿದ್ದು ಅದೊಂದೇ ಸಲ. ಬೂಬಮ್ಮನವರು ನಗುತ್ತಾ ರಿಸೀವರ್ ಕೊಟ್ಟರು, ನಾನೂ ನಾಚಿಕೊಂಡು ಕಿವಿಗಿಟ್ಟುಕೊಂಡೆ. “ಅಂಗ್ಡಿ ಬಾಗಿಲು ಹಾಕೈತೆ,” ಎಂದರು ಆ ಕಡೆಯಿಂದ ನನ್ನ ಗಂಡ. “ಬ್ಯಾಂಕಿನೋರು ಬೀಗ ಹಾಕಿ ಸೀಲ್ ಮಾಡ್ಯಾರೆ.”

ಅವ್ವನೂ ನಾನೂ ಸಿಕ್ಕಿದ ಬಸ್ಸು ಹತ್ತಿದೆವು. ಶೋರೂಮಿನ ಮುಂದೆ ಜನವೋ ಜನ, ಎಲ್ಲರ ಕೈಯಲ್ಲೂ ರಸೀದಿ. ಹದಡಿಯಿಂದ ಬಂದಿದ್ದ ರೈತರೊಬ್ಬರು ಮಗಳ ಭುಜ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಅವಳ ಮದುವೆ ಶ್ರಾವಣದ ಮೊದಲ ಸೋಮವಾರವಂತೆ, ಐದೂ ಸೀರೆ ಒಳಗೇ ಇವೆಯಂತೆ. ಆ ಹುಡುಗಿ ಅಳುತ್ತಿರಲಿಲ್ಲ, ಬೀಗವನ್ನೇ ನೋಡುತ್ತಿದ್ದಳು. ಸರಕೆಲ್ಲ ಬ್ಯಾಂಕಿನ ವಶದಲ್ಲಿದೆ, ಹೆಸರು ಬರೆಸಿ ಹೋಗಿ ಎಂದು ಕಾವಲಿಗಿದ್ದವನು ಎಲ್ಲರಿಗೂ ಒಂದೇ ರಾಗದಲ್ಲಿ ಹೇಳುತ್ತಿದ್ದ.

ಆಗ ಶೋಕೇಸಿನ ಕಡೆ ನೋಡಿದೆ. ಕಂಬಿಗಳ ಹಿಂದೆ, ಗಾಜಿನೊಳಗೆ, ಗೊಂಬೆ ನನ್ನ ಸೀರೆ ಉಟ್ಟು ನಿಂತಿತ್ತು. ಅದೇ ಈರುಳ್ಳಿ ಬಣ್ಣ, ಅದೇ ಮಾವಿನಕಾಯಿ ಅಂಚು. ನನ್ನ ಹೆಸರಿನ ಚೀಟಿ ಸೆರಗಿನ ತುದಿಯಲ್ಲಿ ಹಾಗೇ ನೇತಾಡುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ರಸ್ತೆ ಬದಿಯ ಜಲ್ಲಿ ರಾಶಿಯಿಂದ ಒಂದು ಕಲ್ಲು ತೆಗೆದುಕೊಂಡು ಎತ್ತಿಯೂ ಬಿಟ್ಟೆ. ಅವ್ವ ಕೈ ಹಿಡಿದುಕೊಳ್ಳದಿದ್ದರೆ ಎಸೆದೇ ಬಿಡುತ್ತಿದ್ದೆ.

ಗುಂಪಿನಲ್ಲಿ ಆ ಕೆಲಸಗಾರನೂ ಇದ್ದ. ಅವನಿಗೂ ಮೂರು ತಿಂಗಳ ಸಂಬಳ ಬರಬೇಕಿತ್ತು. “ಸರಕು ಕೊಡೋರು ನಿಲ್ಸಿ ಭಾಳ ದಿನ ಆಗಿತ್ರಿ,” ಎಂದ. “ನಿಮ್ಮಂಥೋರು ಮುಂಗಡ ಕಟ್ಟಿದ ದುಡ್ಡೆಲ್ಲ ಬ್ಯಾರೆ ಊರಿನ ಅಂಗಡಿ ಸಾಲಕ್ಕೆ ಹೋತು. ಗೊಂಬೆಗೆ ಉಡಿಸಾಕೂ ಸೀರೆ ಇರ್ಲಿಲ್ಲ. ಚೀಟಿ ಕಟ್ಟಿದ್ದನ್ನೇ ಉಡ್ಸು ಅಂದ್ರು.”

ಸೀರೆ ಹೋದ ಸಂಕಟಕ್ಕಿಂತ ದೊಡ್ಡ ಹೆದರಿಕೆ ಆಮೇಲೆ ಶುರುವಾಯಿತು. ಕಾಲಿಡುವ ಮೊದಲೇ ನನ್ನ ಹಟದಿಂದ ಆ ಮನೆಗೆ ನಷ್ಟವಾಗಿತ್ತು. ಮದುಮಗಳ ಸೀರೆಯನ್ನು ಮೊದಲು ಗೊಂಬೆ ಉಟ್ಟಿದ್ದು ಅಪಶಕುನ ಎಂದು ಅತ್ತೆ ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಅಲ್ಲಿಂದಲೇ ನಿಟ್ಟುವಳ್ಳಿಗೆ ಹೋದೆವು. ಅತ್ತೆ ಎಮ್ಮೆಗೆ ಹಿಂಡಿ ಕಲಸುತ್ತಿದ್ದರು. ಅವ್ವ ಮಾತಿಗಿಂತ ಮೊದಲೇ ಅಳತೊಡಗಿದಳು. ಅಳುತ್ತಲೇ ಬೀಗ, ಗೊಂಬೆ, ನಾನು ಕಲ್ಲೆತ್ತಿದ್ದು ಎಲ್ಲವನ್ನೂ ಹೇಳಿದಳು.

“ಹೋಗಿದ್ದು ಬರೀ ಸೀರೆ ಅಲ್ವೇನ್ರಿ? ಕೂಡ್ರಿ, ಚಾ ಕುಡೀರಿ,” ಎಂದರು ಅತ್ತೆ. ನನಗೆ ಏನೂ ಹೇಳಲಿಲ್ಲ. ಚಾ ಕೊಟ್ಟು ಮತ್ತೆ ಎಮ್ಮೆಯ ಹತ್ತಿರ ಹೋದರು.

ಕೊನೆಗೆ ನಾನು ಬೇಡವೆಂದ ಹರಿಹರದ ಅಂಗಡಿಗೇ ಹೋಗಿ, ಆ ಬಿಳಿ ಗಾದಿಯ ಮೇಲೇ ಕೂತೆ. ಹಸಿರು ಸೀರೆ, ಹಣ ಈ ಸಲ ನಮ್ಮದು. ಆಷಾಢ ಮುಗಿಯಲು ಇನ್ನೂ ಮೂರು ದಿನವಿದೆ ಎಂದು ಅವ್ವ ತಡವರಿಸಿದಾಗ ಸಾಹುಕಾರರು ನಕ್ಕರು. “ನಿಮ್ಮ ಬಾಜು ಮನೆ ಬೂಬಮ್ಮಾರಿಗೆ ಯಾವ ಆಷಾಢ ಐತೆ? ಅವರ ಮನ್ಯಾಗೆ ಇಡ್ರಿ.” ಸೀರೆ ಮೂರು ದಿನ ಬೂಬಮ್ಮನವರ ಪೆಟ್ಟಿಗೆಯಲ್ಲಿದ್ದು ಶ್ರಾವಣಕ್ಕೆ ನಮ್ಮ ಮನೆಗೆ ಬಂತು. ಇಷ್ಟು ಸಣ್ಣ ಉಪಾಯ ಆ ದಿನ ಶೋರೂಮಿನಲ್ಲಿ ಕೂತಿದ್ದ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಮದುವೆಯಾಯಿತು. ವಾರಕ್ಕೊಮ್ಮೆ ಅತ್ತೆಯೂ ನಾನೂ ತರಕಾರಿಗೆ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಶೋರೂಮಿನ ಮುಂದಿನ ರಸ್ತೆ ಹತ್ತಿರದ ದಾರಿ. ಅತ್ತೆ ಮಾತ್ರ ಎರಡೂ ಕೈಯಲ್ಲಿ ಚೀಲವಿದ್ದರೂ ಹಿಂದಿನ ಬೀದಿಗಳಲ್ಲಿ ಸುತ್ತಿಸಿಕೊಂಡೇ ಮನೆಗೆ ಕರೆತರುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಸೀರೆಯ ಮಾತನ್ನು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ, ಪ್ರತಿ ವಾರ ಹೀಗೆ ಸುತ್ತಿಸಿ ನನಗೆ ನೆನಪು ಮಾಡುತ್ತಿದ್ದಾರೆ ಎಂದೇ ತಿಳಿದಿದ್ದೆ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಬೈಯದವರ ಜೊತೆ ಜಗಳ ಮಾಡುವುದು ಹೇಗೆ?

ಮುಂದಿನ ಆಷಾಢ ಹತ್ತಿರವಾದಾಗ ಮಾರ್ಕೆಟ್ಟಿನ ಫುಟ್‌ಪಾತಿನಲ್ಲಿ ಆ ಕೆಲಸಗಾರ ಸಿಕ್ಕಿದ. ರವಿಕೆ ಕಣ ಹರಡಿಕೊಂಡು ಮಾರುತ್ತಿದ್ದ. ಆ ದಿನ ನಾನೊಬ್ಬಳೇ ಹೋಗಿದ್ದೆ.

“ನಿಮ್ಮ ಅತ್ತೇರು ಆರಾಮ ಅದಾರೇನ್ರಿ?” ಎಂದು ಕೇಳಿದ. “ಹಾಲು ಹಾಕಾಕೆ ಬಂದಾಗೆಲ್ಲ ಆ ಶೋಕೇಸಿನ ಮುಂದೆ ನಿಂತಿರ್ತಾರೆ. ಕಂಬಿ ಸಂದ್ಯಾಗೆ ಕೈ ಹಾಕಿ, ಸೆರಗಿಂದ ಗಾಜು ಒರೆಸಿ ನೋಡ್ತಾರೆ. ಬ್ಯಾಂಕಿಗೂ ಎರಡು ಸಲ ರಸೀದಿ ಹಿಡ್ಕಂಡು ಹೋಗಿದ್ರು.”

ಮನೆಗೆ ಬಂದು ಸೊಪ್ಪು ಬಿಡಿಸುತ್ತ ಅತ್ತೆಯ ಮುಖ ನೋಡಿದೆ. ಮತ್ತೆ ತಲೆ ಬಗ್ಗಿಸಿ ಸೊಪ್ಪು ಬಿಡಿಸಿದೆ.

ಎರಡು ವಾರ ಕಳೆದಿರಬೇಕು. ಮಾರ್ಕೆಟ್ಟಿನಿಂದ ಹೊರಟಾಗ ಅತ್ತೆ ತಾವಾಗಿಯೇ, “ಇವತ್ತು ಹತ್ರದ ದಾರೀಗೆ ಹೋಗಣ ಬಾರವ್ವ” ಎಂದರು. ಶೋರೂಮಿನ ಶಟರು ತೆರೆದಿತ್ತು, ಒಳಗೆ ಬರೀ ಗೋಡೆ. ಶೋಕೇಸಿನಲ್ಲಿ ಗೊಂಬೆ ಬೆತ್ತಲೆ ನಿಂತಿತ್ತು.

“ನಿನ್ನೆ ಬ್ಯಾಂಕಿನೋರು ಎಲ್ಲಾ ಲಾರೀಗೆ ತುಂಬಿದ್ರು,” ಎಂದರು ಅತ್ತೆ. “ಸೆರಗಿನ ಚೀಟ್ಯಾಗೆ ನನ್ನ ಸೊಸೆ ಹೆಸರೈತೆ, ಓದ್ರಿ ಅಂದೆ. ಯಾರೂ ಕೇಳ್ಲಿಲ್ಲ.”

“ಇಷ್ಟು ದಿನ ಈ ದಾರೀಗೆ ಯಾಕ ಕರ್ಕಂಡು ಬರ್ಲಿಲ್ಲ ಅತ್ತೆ?”

“ಬಿಸಿಲಿಗೆ ಅದರ ಬಣ್ಣ ಹೋಗೋದನ್ನ ನೀನ್ಯಾಕ ನೋಡ್ಬೇಕು? ನಾನೊಬ್ಬಳು ನೋಡಿದ್ರೆ ಸಾಕಾಗಿತ್ತು.” ಮತ್ತೆ ಸೇರಿಸಿದರು: “ಅಲ್ದೆ ನೀನು ಕಲ್ಲೆತ್ತೋಳು.”

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ವರ್ಷವಿಡೀ ಅವರನ್ನು ತಪ್ಪು ತಿಳಿದಿದ್ದಕ್ಕೆ ನನಗೆ ನಾಚಿಕೆಯಾಗಿತ್ತು. ನಡುರಸ್ತೆಯಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡೆ. ಅತ್ತೆ ನನ್ನ ಕೈಯ ಚೀಲವನ್ನೂ ತಾವೇ ಹಿಡಿದುಕೊಂಡು, ನಾನು ಮುಗಿಸುವವರೆಗೆ ಕಾದರು. ಆಮೇಲೆ ಇಬ್ಬರೂ ಹತ್ತಿರದ ದಾರಿಯಲ್ಲಿ ಮನೆಗೆ ಬಂದೆವು.